ಫ್ಲಶ್ ತೊಟ್ಟಿಗೂ ಪ್ಯಾನಿಗೂ ನಡುವಿನ ಸೋರಿಕೆ

(ಭಾನುವಾರದ ಬಲಿಪೂಜೆಯ ನಂತರ ಪಾಡಿಯ ಕಾರ್ಮಿಕ ಕೂಟದಲ್ಲಿ ಆಡಿದ ಮಾತು)



ಇವತ್ತಿನ ವಿಷಯ ಕಕ್ಕಸು. ನಗುವವರು ಈಗಲೇ ನಕ್ಕು ಮುಗಿಸಿಬಿಡಿರಿ. ಬೋನಸ್ಸಿನ ಮಾತಾದರೆ, ಗ್ರಾಚುಟಿಯ ಮಾತಾದರೆ ನಾವೆಲ್ಲ ಮುಂದಿನ ಬೆಂಚಿಗೆ ಬಂದು ಕೂರುತ್ತೇವೆ. ಕಕ್ಕಸಿನ ಮಾತು ಬಂದರೆ ಗಂಡಸರಾದ ನಾವು ಬೀಡಿ ಹಚ್ಚಲು ಹೊರಗೆ ಹೋಗುತ್ತೇವೆ. ಆದರೆ ಪಾಡಿಯಲ್ಲಿ ಬೆಳಗಾಗುವುದು ಅಲ್ಲಿಂದಲೇ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೆಳಿಗ್ಗೆ ಹಾಜರಿಗೆ ಹೋಗುವ ಮೊದಲು ಒಂದು ಬಾಗಿಲಿನ ಮುಂದೆ ನಾಲ್ಕು ಮನೆಯವರು ಸಾಲು ನಿಲ್ಲುವ ಲೈನುಗಳು ಇನ್ನೂ ಇವೆ. ಆ ಬಾಗಿಲಿಗೆ ಒಂದು ದಿನ ಬೀಗ ಬಿದ್ದರೆ ಏನಾಗುತ್ತದೆ ಎಂಬುದು ನಮ್ಮ ಹೆಂಗಸರಿಗೆ ಚೆನ್ನಾಗಿ ಗೊತ್ತು.

ಬೀಗ ಬೀಳುವುದು ಹೇಗೆ ಎಂದು ನಾವು ಸ್ವಲ್ಪ ವಿಚಾರಿಸಿ ನೋಡಿದ್ದೇವೆ. ಗುಂಡಿ ತುಂಬಿ ಬೀಗ ಬಿದ್ದದ್ದುಂಟು, ಬಾಗಿಲೇ ಕಳಚಿ ಹೋದದ್ದುಂಟು. ಆದರೆ ಹಲವು ಕಡೆ ಕಂಡ ಕಾರಣ ಇವೆರಡೂ ಅಲ್ಲ. ಮೇಲಿನ ತೊಟ್ಟಿಯಿಂದ ಪ್ಯಾನಿಗೆ ನೀರು ಇಳಿಯುವ ಪೈಪಿನ ಕೂಡಿಕೆ ಸಡಿಲವಾಗುತ್ತದೆ, ಫ್ಲಶ್ ಎಳೆದಾಗಲೆಲ್ಲ ನೀರು ಗೋಡೆಯ ಮೇಲೆ, ನೆಲದ ಮೇಲೆ ಹರಿಯುತ್ತದೆ, ನೆಲ ಪಾಚಿಗಟ್ಟಿ ಜಾರುತ್ತದೆ, ವಯಸ್ಸಾದವರು ಯಾರಾದರೂ ಬೀಳುತ್ತಾರೆ, ಆಮೇಲೆ ಬೀಗ. ಒಂದು ತೋಟದಲ್ಲಿ, ಹೆಸರು ಇಲ್ಲಿ ಬೇಡ, ಇಷ್ಟೇ ಕಾರಣಕ್ಕೆ ಕೆಳಗಿನ ಲೈನಿನ ಎರಡು ಕಕ್ಕಸುಗಳನ್ನು ಇಡೀ ಮಳೆಗಾಲ ಮುಚ್ಚಿಟ್ಟರು. ಹೆಂಗಸರು, ಬಸುರಿಯರು, ಶಾಲೆಗೆ ಹೋಗುವ ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಟೀ ಗಿಡಗಳ ನಡುವೆ ಹೋಗಬೇಕಾಯಿತು. ನಮ್ಮ ಗೂಡಲೂರು, ಪಂದಲೂರು, ವಯನಾಡಿನ ಕಡೆ ಆ ಹೊತ್ತಿನಲ್ಲಿ ಗಿಡಗಳ ನಡುವೆ ಯಾರು ನಿಂತಿರುತ್ತಾರೆ ಎಂದು ಕೇಳಬೇಕೆ? ಆನೆ ಹಾಜರಿ ನೋಡಿ ಬರುವುದಿಲ್ಲ. ಕೊನೆಗೆ ಆ ರಿಪೇರಿಗೆ ಬೇಕಾಗಿದ್ದದ್ದು ಒಂದು ರಬ್ಬರಿನ ತುಂಡು, ಅರ್ಧ ಗಂಟೆಯ ಕೆಲಸ. ಒಂದು ದಿನದ ಕೂಲಿಗಿಂತ ಬಹಳ ಕಡಿಮೆ ಬೆಲೆಯ ವಸ್ತು.

ಆದ್ದರಿಂದಲೇ ಈ ಮಾತು. ಪ್ಲಂಬರು ಪಟ್ಟಣದಲ್ಲಿರುತ್ತಾನೆ, ಒಂದು ವಾಷರಿಗಾಗಿ ಅವನು ಬೆಟ್ಟ ಹತ್ತಿ ಬರುವುದಿಲ್ಲ. ಸಣ್ಣ ಕೆಲಸವನ್ನು ನಾವು ಕಲಿತುಕೊಳ್ಳೋಣ. ದೊಡ್ಡ ಕೆಲಸ ಯಾವುದು, ಯಾರು ಮಾಡಿಸಿ ಕೊಡಬೇಕು ಎಂಬುದನ್ನೂ ತಿಳಿದುಕೊಳ್ಳೋಣ.

ಮೊದಲು ಸೋರುವ ಜಾಗ ಕಂಡುಹಿಡಿಯಬೇಕು. ಕೈಗೆ ಸಿಕ್ಕಿದ ನಟ್ಟನ್ನು ತಿರುಗಿಸುವುದು ರಿಪೇರಿಯಲ್ಲ. ತೊಟ್ಟಿಯ ಸುತ್ತ ನೀರು ಸೋರುವ ಜಾಗಗಳು ಮುಖ್ಯವಾಗಿ ನಾಲ್ಕು. ತೊಟ್ಟಿಗೆ ನೀರು ಬರುವ ಸಣ್ಣ ಪೈಪಿನ ಕೂಡಿಕೆ ಒಂದು. ತೊಟ್ಟಿಯ ತಳದಲ್ಲಿ, ಫ್ಲಶ್ ಪೈಪು ಹೊರಡುವಲ್ಲಿ ಇರುವ ನಟ್ಟು ಮತ್ತು ವಾಷರು ಇನ್ನೊಂದು. ಫ್ಲಶ್ ಪೈಪು ಕೆಳಗಿಳಿದು ಪ್ಯಾನಿನ ಹಿಂದುಗಡೆಯ ಮೂತಿಯೊಳಗೆ ಸೇರುವ ಜಾಗ ಮೂರನೆಯದು. ಪ್ಯಾನಿನಿಂದ ಹೊಲಸು ಹೊರಹೋಗುವ ದೊಡ್ಡ ಪೈಪಿನ ಕೂಡಿಕೆ ನಾಲ್ಕನೆಯದು.

ಇವುಗಳ ಗುಣ ಬೇರೆ ಬೇರೆ. ಮೊದಲಿನ ಎರಡು ಕೂಡಿಕೆಗಳ ಹಿಂದೆ ಯಾವಾಗಲೂ ನೀರು ನಿಂತಿರುತ್ತದೆ. ಆದ್ದರಿಂದ ಅವು ಹಗಲೂ ರಾತ್ರಿ ಎನ್ನದೆ ತೊಟ್ಟಿಕ್ಕುತ್ತವೆ. ಮೂರನೆಯದರಲ್ಲಿ ಫ್ಲಶ್ ಎಳೆದಾಗ ಮಾತ್ರ ನೀರು ಹಾಯುತ್ತದೆ. ಆದ್ದರಿಂದ ಎಳೆದಾಗ ಮಾತ್ರ ಸೋರುತ್ತದೆ, ಐದು ನಿಮಿಷ ಬಿಟ್ಟರೆ ನಿಂತುಹೋಗುತ್ತದೆ. ನಾಲ್ಕನೆಯದೂ ಎಳೆದಾಗ, ಇಲ್ಲವೆ ನೀರು ಹೊಯ್ದಾಗಲೇ ಸೋರುವುದು, ಆದರೆ ಅದರಲ್ಲಿ ನಾತವಿರುತ್ತದೆ. ಬಕೆಟಿನಿಂದ ಪ್ಯಾನಿಗೆ ನೀರು ಹೊಯ್ದು ನೋಡಿರಿ. ಹೊಯ್ದಾಗಲೂ ಸೋರಿದರೆ ತಪ್ಪು ತೊಟ್ಟಿಯ ಪೈಪಿನದ್ದಲ್ಲ, ಕೆಳಗಿನ ದೊಡ್ಡ ಕೂಡಿಕೆಯದ್ದು, ಇಲ್ಲವೆ ಪ್ಯಾನೇ ಬಿರುಕು ಬಿಟ್ಟಿದೆ. ಹೊಯ್ದಾಗ ಸೋರದೆ ಫ್ಲಶ್ ಎಳೆದಾಗ ಮಾತ್ರ ಸೋರಿದರೆ ನಮ್ಮ ಇವತ್ತಿನ ರೋಗಿ ಅದೇ.

ಇನ್ನೂ ಅನುಮಾನವಿದ್ದರೆ ಬಟ್ಟೆಗೆ ಹಾಕುವ ನೀಲಿಯನ್ನು ತೊಟ್ಟಿಯ ನೀರಿಗೆ ಕದಡಿರಿ. ಎಲ್ಲ ಕೂಡಿಕೆಗಳನ್ನೂ ಒಣಬಟ್ಟೆಯಿಂದ ಒರೆಸಿ, ಹಳೆಯ ಪೇಪರಿನ ತುಂಡನ್ನು ಪ್ರತಿಯೊಂದಕ್ಕೂ ಸುತ್ತಿ, ಹತ್ತು ನಿಮಿಷ ಸುಮ್ಮನೆ ಬಿಟ್ಟು ನೋಡಿರಿ. ನಂತರ ಫ್ಲಶ್ ಎಳೆದು ನೋಡಿರಿ. ನೀಲಿ ಎಲ್ಲಿ ಕಂಡಿತೋ ಅಲ್ಲೇ ಸೋರಿಕೆ. ಫ್ಲಶ್ ಎಳೆಯದೆಯೇ ಪ್ಯಾನಿನೊಳಗೆ ನೀಲಿ ಇಳಿದರೆ ತೊಟ್ಟಿಯ ಒಳಗಿನ ವಾಷರು ಸವೆದಿದೆ ಎಂದರ್ಥ. ಹೊರಗಿನ ಕೂಡಿಕೆ ಸರಿಯೇ ಇದೆ. ಚಳಿಗಾಲದ ಬೆಳಿಗ್ಗೆ ಕೆಲವರು ತೊಟ್ಟಿ ಒಡೆದಿದೆ ಎಂದು ಓಡಿ ಬರುವುದುಂಟು. ತಣ್ಣಗಿನ ತೊಟ್ಟಿಯ ಹೊರಮೈ ಬೆವರುವುದು ಸಹಜ, ಆ ಬೆವರಿಗೆ ನೀಲಿ ಬಣ್ಣ ಬರುವುದಿಲ್ಲ. ನಾಲ್ಕಾಣೆಯ ನೀಲಿ ಒಬ್ಬ ಮೇಸ್ತ್ರಿಗಿಂತ ಹೆಚ್ಚು ಸತ್ಯ ಹೇಳುತ್ತದೆ ಎಂದು ನಮ್ಮ ಹಿರಿಯರೊಬ್ಬರು ಹೇಳುತ್ತಿದ್ದರು. ಈಗ ನಾಲ್ಕಾಣೆ ಇಲ್ಲ, ಮಾತು ಮಾತ್ರ ನಿಂತಿದೆ.

ಸಣ್ಣ ಸೋರಿಕೆ ತಾನೆ ಎಂದು ಬಿಡುವವರಿಗೆ ಒಂದು ಲೆಕ್ಕ. ಇಪ್ಪತ್ತು ಹನಿಗೆ ಸುಮಾರು ಒಂದು ಮಿಲಿಲೀಟರು ಎಂದಿಟ್ಟುಕೊಳ್ಳಿರಿ. ಸೆಕೆಂಡಿಗೆ ಒಂದು ಹನಿ ಬಿದ್ದರೆ ದಿನಕ್ಕೆ 86,400 ಹನಿ. ನಾಲ್ಕು ಲೀಟರಿಗೂ ಮೇಲೆ. ಫ್ಲಶ್ ಎಳೆದಾಗ ಸೋರುವುದು ಅದಕ್ಕಿಂತ ಕೆಟ್ಟದ್ದು. ಒಂದು ಸಾರಿಗೆ ಕಾಲು ಲೀಟರು ಹೋದರೂ ನಾಲ್ಕು ಮನೆಯವರು ದಿನಕ್ಕೆ ಮೂವತ್ತು ಸಾರಿ ಎಳೆದರೆ ಏಳೂವರೆ ಲೀಟರು ನೀರು ಗೋಡೆಯ ಬುಡಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಲೈನಿನ ನಲ್ಲಿಗೆ ಗಂಟೆಹೊತ್ತು ಮಾತ್ರ ನೀರು ಬರುವಾಗ ಅದು ಒಂದು ಕೊಡದ ಅರ್ಧದಷ್ಟು. ಆ ಕೊಡವನ್ನು ಕೆಳಗಿನ ತೋಡಿನಿಂದ ಹೊತ್ತು ತರುವವರು ಯಾರು? ಗಂಡಸರಲ್ಲವಷ್ಟೆ.

2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲದ ಕಡೆ ಗುಡ್ಡ ಕುಸಿದು ಪಾಡಿಗಳೇ ಕೊಚ್ಚಿಹೋದ ಮೇಲೆ ನಮ್ಮವರು ಗೋಡೆಯಲ್ಲಿ ತೇವ ಕಂಡರೆ ಬೆಚ್ಚಿಬೀಳುತ್ತಾರೆ. ಆ ಹೆದರಿಕೆಯನ್ನು ನಾವು ಹಗುರವಾಗಿ ನೋಡುವುದಿಲ್ಲ. ಆದರೆ ಕಕ್ಕಸಿನ ಪೈಪು ಸೋರಿ ಗುಡ್ಡ ಕುಸಿಯುವುದಿಲ್ಲ. ಎಳೆದಾಗ ಮಾತ್ರ ತೇವವಾದರೆ ಅದು ಪೈಪು. ಮಳೆ ಹೊಯ್ಯುವಾಗ ಗೋಡೆಯ ಹಿಂದಿನ ಮಣ್ಣಿನಿಂದ ಹೊಸದಾಗಿ ಕೆಸರುನೀರು ಒಸರಿದರೆ, ನೆಲದಲ್ಲಿ ಬಿರುಕು ಕಂಡರೆ, ಆಗ ವಾಷರು ಹುಡುಕುತ್ತಾ ಕೂರಬೇಡಿರಿ. ಮಕ್ಕಳನ್ನು ಎತ್ತಿಕೊಂಡು ಹೊರಗೆ ಬನ್ನಿರಿ.

ಈಗ ಕೆಲಸಕ್ಕೆ ಬರೋಣ.

ನಮ್ಮ ಲೈನುಗಳಲ್ಲಿ ಹೆಚ್ಚಾಗಿ ಇರುವುದು ಕುಕ್ಕರಗಾಲಿನಲ್ಲಿ ಕೂರುವ ಪ್ಯಾನು, ಗೋಡೆಗೆ ತೂಗುಹಾಕಿದ ಪ್ಲಾಸ್ಟಿಕ್ ತೊಟ್ಟಿ, ಎರಡಕ್ಕೂ ನಡುವೆ ಒಂದೂಕಾಲು ಅಥವಾ ಒಂದೂವರೆ ಇಂಚಿನ ಪೈಪು. ಮೊದಲು ತೊಟ್ಟಿಗೆ ನೀರು ಬರುವ ಸ್ಟಾಪ್‌ಕಾಕನ್ನು ಮುಚ್ಚಿರಿ. ಸ್ಟಾಪ್‌ಕಾಕೇ ಇಡದ ಲೈನುಗಳು ಎಷ್ಟೋ ಇವೆ. ಅಂಥ ಕಡೆ ತೊಟ್ಟಿಯ ಮೇಲೆ ಒಂದು ಕಡ್ಡಿಯನ್ನು ಅಡ್ಡವಾಗಿಟ್ಟು ಬಾಲ್‌ಕಾಕಿನ ಕೈಯನ್ನು ಮೇಲಕ್ಕೆತ್ತಿ ದಾರದಿಂದ ಕಟ್ಟಿದರೆ ನೀರು ನಿಲ್ಲುತ್ತದೆ. ನಂತರ ಫ್ಲಶ್ ಎಳೆದು ತೊಟ್ಟಿ ಬರಿದುಮಾಡಿ, ಉಳಿದ ನೀರನ್ನು ಬಟ್ಟೆಯಿಂದ ಹೀರಿ ತೆಗೆಯಿರಿ. ತೊಟ್ಟಿಯ ಕೆಳಗಿನ ಪೈಪಿನ ನಟ್ಟನ್ನು ಕೈಯಿಂದಲೇ ಬಿಚ್ಚಲು ನೋಡಿರಿ. ಬಿಗಿಯಾಗಿದ್ದರೆ ಅದರ ಮೇಲೆ ಬಟ್ಟೆ ಸುತ್ತಿ ರಿಂಚು ಹಾಕಿರಿ. ಆ ನಟ್ಟು ಬಿಚ್ಚುವಾಗ ಇನ್ನೊಂದು ಕೈಯಿಂದ ತೊಟ್ಟಿಯನ್ನು ಹಿಡಿದುಕೊಂಡಿರತಕ್ಕದ್ದು. ಹಳೆಯ ಗೋಡೆಯ ಮೊಳೆಗಳನ್ನು ನಂಬುವಂತಿಲ್ಲ.

ನಟ್ಟು ಬಿಚ್ಚಿದ ಮೇಲೆ ಪೈಪನ್ನು ಪ್ಯಾನಿನ ಮೂತಿಯಿಂದ ಹೊರಗೆಳೆಯಬೇಕು. ಇಲ್ಲಿಯೇ ಕಷ್ಟ. ಹಳೆಯ ಕಾಲದವರು ಈ ಕೂಡಿಕೆಗೆ ಸಣಬು ಸುತ್ತಿ ಪುಟ್ಟಿ ತುಂಬುತ್ತಿದ್ದರು. ಆಮೇಲಿನವರು ಸಿಮೆಂಟನ್ನೇ ಮೆತ್ತಿದರು. ಸಿಮೆಂಟು ಗಟ್ಟಿ ತಾನೆ ಎಂದು ಕೇಳಬಹುದು. ಅದರ ಗಟ್ಟಿತನವೇ ಇಲ್ಲಿ ಅದರ ದೋಷ. ಫ್ಲಶ್ ಎಳೆದಾಗಲೆಲ್ಲ ಪೈಪು ಕೂದಲೆಳೆಯಷ್ಟು ಅಲುಗಾಡುತ್ತದೆ. ರಬ್ಬರು ಅದರ ಜೊತೆ ಬಾಗುತ್ತದೆ. ಸಿಮೆಂಟು ಬಾಗಲಾರದು, ಬಿರುಕು ಬಿಡುತ್ತದೆ. ಆ ಬಿರುಕಿನ ಮೇಲೆ ಮತ್ತೆ ಸಿಮೆಂಟು, ಅದರ ಮೇಲೆ ಇನ್ನೊಂದು ಸಾರಿ. ಹೀಗೆ ಕೆಲವು ಪ್ಯಾನುಗಳ ಹಿಂದೆ ಸಿಮೆಂಟಿನ ಹುತ್ತವೇ ಬೆಳೆದಿರುವುದನ್ನು ನಾವೆಲ್ಲ ಕಂಡಿದ್ದೇವೆ. ಸೋರಿಕೆ ಮಾತ್ರ ಅಲ್ಲಿಯೇ ಇರುತ್ತದೆ.

ಆ ಸಿಮೆಂಟನ್ನು ಸುತ್ತಿಗೆಯಿಂದ ಹೊಡೆಯಬಾರದು. ಪ್ಯಾನಿನ ಮೂತಿ ಪಿಂಗಾಣಿಯದು. ಒಂದು ಪೆಟ್ಟು ತಪ್ಪಿದರೆ ಮೂತಿ ಮುರಿದು, ಪ್ಯಾನನ್ನೇ ಬದಲಿಸಬೇಕಾಗಿ, ನೆಲ ಅಗೆಯಬೇಕಾಗುತ್ತದೆ. ಹ್ಯಾಕ್ಸಾ ಬ್ಲೇಡಿನ ತುಂಡಿಗೆ ಒಂದು ತುದಿಯಲ್ಲಿ ಬಟ್ಟೆ ಸುತ್ತಿ ಹಿಡಿಯಿರಿ. ಪೈಪಿಗೂ ಮೂತಿಗೂ ನಡುವೆ ನಿಧಾನವಾಗಿ ಗೀಚುತ್ತಾ ಬನ್ನಿರಿ. ತುಣುಕು ತುಣುಕಾಗಿ ಉದುರುತ್ತದೆ. ಪೈಪು ಹಳೆಯದಾಗಿದ್ದರೆ ಅದನ್ನೇ ಕತ್ತರಿಸಿ ತೆಗೆದು ಹೊಸ ಪೈಪು ಹಾಕುವುದು ಮೇಲು, ಪೈಪು ಪ್ಯಾನಿಗಿಂತ ಎಷ್ಟೋ ಅಗ್ಗ. ಅವಸರದ ಮನುಷ್ಯನನ್ನು ಈ ಹಂತಕ್ಕೆ ಹಚ್ಚಬೇಡಿರಿ. ಎಲೆ ಕೀಳುವ ಹೆಂಗಸರ ಬೆರಳುಗಳಿಗೆ ಇದು ಗಂಡಸರಿಗಿಂತ ಚೆನ್ನಾಗಿ ಒಗ್ಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ತುಣುಕುಗಳು ಪ್ಯಾನಿನೊಳಗೆ ಬೀಳದಂತೆ ಮೂತಿಯ ಒಳಗೆ ಒಂದು ಚಿಂದಿ ತುರುಕಿರಿ; ಕೆಲಸ ಮುಗಿದ ಮೇಲೆ ಆ ಚಿಂದಿಯನ್ನು ತೆಗೆಯಲು ಮರೆಯಬೇಡಿರಿ. ಹಳೆಯ ಪುಟ್ಟಿ ಕೆಂಪಾಗಿದ್ದರೆ ಅದರಲ್ಲಿ ಸೀಸ ಇರಬಹುದು. ಮಕ್ಕಳ ಕೈಗೆ ಕೊಡಬೇಡಿರಿ, ಒಲೆಗೆ ಹಾಕಬೇಡಿರಿ, ಕೈ ತೊಳೆಯದೆ ಎಲೆಯಡಿಕೆ ಹಾಕಿಕೊಳ್ಳಬೇಡಿರಿ.

ಮೂತಿ ಶುಭ್ರವಾದ ಮೇಲೆ ಅಳತೆ. ಮೂತಿಯ ಹೊರಸುತ್ತು, ಒಳಬಾಯಿ, ಪೈಪಿನ ದಪ್ಪ, ಈ ಮೂರನ್ನೂ ದಾರದಿಂದಲೋ ಸ್ಕೇಲಿನಿಂದಲೋ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿರಿ. ಸಾಧ್ಯವಾದರೆ ಪೈಪಿನ ತುಂಡನ್ನೇ ಅಂಗಡಿಗೆ ಒಯ್ಯಿರಿ. ಫ್ಲಶ್ ಪೈಪಿಗೂ ಪ್ಯಾನಿಗೂ ನಡುವೆ ಹಾಕುವ ರಬ್ಬರ್ ಕನೆಕ್ಟರ್ ಕೊಡಿ ಎಂದರೆ ಪಟ್ಟಣದ ಹಾರ್ಡ್‌ವೇರ್ ಅಂಗಡಿಯವರಿಗೆ ತಿಳಿಯುತ್ತದೆ. ಅದರಲ್ಲಿ ಎರಡು ಬಗೆ. ಮೂತಿಯ ಒಳಗೆ ತೂರಿಸುವಂಥದ್ದು ಒಂದು. ಟೋಪಿಯ ಹಾಗೆ ಮೂತಿಯ ಹೊರಗೆ ಮುಚ್ಚಿಕೊಳ್ಳುವಂಥದ್ದು ಇನ್ನೊಂದು. ಒಳಗಿನದಾದರೆ ಮೊದಲು ಅದನ್ನು ಮೂತಿಯೊಳಗೆ ಪೂರ್ತಿ ಕೂರಿಸಿ, ಆಮೇಲೆ ಪೈಪನ್ನು ಅದರೊಳಗೆ ತಳ್ಳಬೇಕು. ಹೊರಗಿನದಾದರೆ ಮೊದಲು ಪೈಪಿಗೆ ಏರಿಸಿ, ಅಂಚನ್ನು ಹಿಂದಕ್ಕೆ ಮಡಚಿ, ಪೈಪು ಮೂತಿಗೆ ಸೇರಿದ ಮೇಲೆ ಮಡಚಿದ ಅಂಚನ್ನು ಮೂತಿಯ ಮೇಲೆ ಉರುಳಿಸಬೇಕು. ಜಾರುವುದಕ್ಕೆ ಸೋಪಿನ ನೀರು ಹಚ್ಚಿರಿ. ಗ್ರೀಸು, ಡೀಸೆಲ್, ಗಾಡಿಯ ಎಣ್ಣೆ ಹಚ್ಚತಕ್ಕದ್ದಲ್ಲ. ರಬ್ಬರು ಉಬ್ಬಿ ಕೆಡುತ್ತದೆ.

ಪೈಪಿನ ತುದಿಯನ್ನು ನೇರವಾಗಿ ಕತ್ತರಿಸಿರಬೇಕು. ಕತ್ತರಿಸಿದ ಅಂಚಿನ ಸಿಬರನ್ನು ಬ್ಲೇಡಿನಿಂದ ಹೆರೆದು ನುಣುಪು ಮಾಡಿರಿ. ಇಲ್ಲವಾದರೆ ಹೊಸ ರಬ್ಬರನ್ನು ಮೊದಲ ದಿನವೇ ಸೀಳುತ್ತದೆ. ಪೈಪು ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೆ ಪೆನ್ಸಿಲಿನಿಂದ ಗುರುತು ಹಾಕಿರಿ, ಮಿತಿಮೀರಿ ಒಳಗೆ ಹೋದರೆ ನೀರಿನ ದಾರಿ ಇಕ್ಕಟ್ಟಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ತೊಟ್ಟಿಯ ಬಾಯಿಯಿಂದ ಮೂತಿಗೆ ಪೈಪು ತಾನಾಗಿಯೇ ಬಂದು ಸೇರುವಂತಿರಬೇಕು. ಓರೆಯಾಗಿದ್ದದ್ದನ್ನು ಎಳೆದು ಬಗ್ಗಿಸಿ ಸೇರಿಸಿದರೆ ಆ ಎಳೆತ ರಬ್ಬರಿನ ಒಂದು ಬದಿಯ ಮೇಲೆಯೇ ಬಿದ್ದು ಆರು ತಿಂಗಳಲ್ಲಿ ಮತ್ತೆ ಸೋರುತ್ತದೆ. ಓರೆಯಿದ್ದರೆ ತೊಟ್ಟಿಯ ಬ್ರಾಕೆಟ್ಟನ್ನು ಸರಿಸಿರಿ. ಪೈಪಿನ ನಡುವೆ ಗೋಡೆಗೆ ಒಂದು ಕ್ಲಾಂಪು ಹೊಡೆದರೆ ಅಲುಗಾಟ ನಿಲ್ಲುತ್ತದೆ. ಕೊನೆಗೆ ಮೇಲಿನ ನಟ್ಟನ್ನು ಕೈಯಿಂದ ಬಿಗಿಮಾಡಿ, ರಿಂಚಿನಿಂದ ಕಾಲು ಸುತ್ತು ಮಾತ್ರ ತಿರುಗಿಸಿರಿ.

ತೊಟ್ಟಿಯ ತಳದ ವಾಷರಿನ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇವೆ. ರಬ್ಬರ್ ವಾಷರು ತೊಟ್ಟಿಯ ಒಳಗೆ, ತಳಕ್ಕೂ ಒಳಗಿನ ಅಂಚಿಗೂ ನಡುವೆ ಕೂರಬೇಕು. ಹೊರಗಿನ ಬ್ಯಾಕ್‌ನಟ್ಟು ಅದನ್ನು ಎಳೆದು ಹಿಡಿಯುತ್ತದೆ. ನೀರು ನಿಲ್ಲಿಸುವುದು ವಾಷರು, ನಟ್ಟಿನ ಮರೆಯಲ್ಲ. ಆದ್ದರಿಂದ ಆ ಮರೆಗೆ ಎಷ್ಟು ಸುತ್ತು ಬಿಳಿ ಟೇಪು ಸುತ್ತಿದರೂ ವ್ಯರ್ಥ. ಟೇಪು ನಲ್ಲಿಯ ಮರೆಗೆ ಸರಿ, ಇಲ್ಲಿಗಲ್ಲ. ವಾಷರು ಕೂರುವ ಜಾಗದ ಪಾಚಿ, ಸುಣ್ಣದ ಪೊರೆಗಳನ್ನು ಉಜ್ಜಿ ತೆಗೆಯದೆ ಹೊಸ ವಾಷರು ಹಾಕಿದರೂ ಅದು ಕಚ್ಚುವುದಿಲ್ಲ.

ಹೊಸದಾಗಿ ಕಟ್ಟಿದ ಕೆಲವು ಮನೆಗಳಲ್ಲಿ, ದವಾಖಾನೆಯಲ್ಲಿ, ಗುರುಗಳ ನಿವಾಸದಲ್ಲಿ ಕುರ್ಚಿಯಂಥ ಪ್ಯಾನು, ಅದರ ಬೆನ್ನ ಮೇಲೆಯೇ ಪಿಂಗಾಣಿ ತೊಟ್ಟಿ ಕೂತಿರುತ್ತದೆ. ಅಲ್ಲಿ ನಡುವೆ ಪೈಪಿಲ್ಲ. ಉದ್ದಿನವಡೆಯಂಥ ದಪ್ಪ ರಬ್ಬರ್ ಬಳೆಯೊಂದಿರುತ್ತದೆ, ಅದರ ಎರಡು ಬದಿಗೆ ಎರಡು ಬೋಲ್ಟು. ಎಳೆದಾಗ ಮಾತ್ರ ನಡುವಿನಿಂದ ನೀರು ಚಿಮ್ಮಿದರೆ ಬಳೆ ಸತ್ತಿದೆ. ಯಾವಾಗಲೂ ಬೋಲ್ಟಿನ ತುದಿಯಿಂದ ತೊಟ್ಟಿಕ್ಕಿದರೆ ತೊಟ್ಟಿಯೊಳಗೆ ಬೋಲ್ಟಿನ ತಲೆಯ ಕೆಳಗಿರುವ ಸಣ್ಣ ವಾಷರು ಹೋಗಿದೆ. ತೊಟ್ಟಿಯನ್ನು ಬರಿದುಮಾಡಿ, ನೀರಿನ ಪೈಪು ಕಳಚಿ, ಬೋಲ್ಟು ಬಿಚ್ಚಿ, ಇಬ್ಬರು ಸೇರಿ ನೇರವಾಗಿ ಮೇಲೆತ್ತಿ ಹಳೆಯ ಸೀರೆಯ ಮೇಲೆ ಮಲಗಿಸಿರಿ. ಬಳೆ, ವಾಷರು, ತುಕ್ಕು ಹಿಡಿದ ಬೋಲ್ಟು ಮೂರನ್ನೂ ಒಂದೇ ಸಾರಿಗೆ ಬದಲಾಯಿಸಿರಿ. ಬೋಲ್ಟು ಹಿತ್ತಾಳೆಯದೋ ಸ್ಟೇನ್‌ಲೆಸ್ಸಿನದೋ ಆಗಿರಲಿ. ಕೂರಿಸುವಾಗ ಬಲಕ್ಕೆ ಸ್ವಲ್ಪ, ಎಡಕ್ಕೆ ಸ್ವಲ್ಪ ಎಂದು ಸರದಿಯಂತೆ ಬಿಗಿಮಾಡಬೇಕು. ಒಂದೇ ಬದಿಯನ್ನು ಪೂರ್ತಿ ಬಿಗಿದರೆ ಪಿಂಗಾಣಿ ಸೀಳುತ್ತದೆ, ಆ ಸದ್ದು ಕೇಳಿದವರು ಮರೆಯುವುದಿಲ್ಲ.

ಇನ್ನು, ನಮ್ಮ ಹಳೆಯ ಲೈನುಗಳಲ್ಲಿ ಮೂತಿಯೇ ಕಾಣದಿರುವುದು ಹೆಚ್ಚು. ಪೈಪು ಗೋಡೆಯಿಂದಿಳಿದು ಬಾಗಿ ನೆಲದ ಸಿಮೆಂಟಿನೊಳಗೆ ಮರೆಯಾಗುತ್ತದೆ, ಕೂಡಿಕೆ ನೆಲದ ಅಡಿಯಲ್ಲಿರುತ್ತದೆ. ಎಳೆದಾಗ ಪ್ಯಾನಿನ ಅಂಚಿನ ಸುತ್ತ ನೀರು ಒಸರುತ್ತದೆ, ಇಲ್ಲವೆ ಹೊರಗಿನ ಗೋಡೆಯ ಬುಡ ನೆನೆಯುತ್ತದೆ. ಇದನ್ನು ನಾವು ಅಗೆಯತಕ್ಕದ್ದಲ್ಲ. ಇದು ಆಫೀಸಿನವರು ಮೇಸ್ತ್ರಿಯನ್ನು ಕಳಿಸಿ ಮಾಡಿಸಬೇಕಾದ ಕೆಲಸ. ಆದರೆ ಮೇಸ್ತ್ರಿ ಬಂದಾಗ ನಮ್ಮಲ್ಲೊಬ್ಬರು ಪಕ್ಕದಲ್ಲಿ ನಿಂತು ಎರಡು ಮಾತು ಹೇಳಬೇಕು. ಕೂಡಿಕೆಗೆ ಸಿಮೆಂಟು ಮೆತ್ತದೆ ರಬ್ಬರು ಹಾಕಪ್ಪ ಎಂಬುದು ಒಂದು. ನೆಲ ಮುಚ್ಚುವ ಮೊದಲು ಹತ್ತು ಸಾರಿ ಫ್ಲಶ್ ಎಳೆದು ತೋರಿಸಪ್ಪ ಎಂಬುದು ಇನ್ನೊಂದು. ನೆಲ ಮುಚ್ಚಿದ ಮೇಲೆ ಸೋರಿದರೆ ಮತ್ತೆ ಅಗೆಯಬೇಕು. ಮತ್ತೆ ಅಗೆಯಲು ಅವನು ಮತ್ತೆ ಬರಬೇಕು. ಅವನು ಬರುವಷ್ಟರಲ್ಲಿ ಇನ್ನೊಂದು ಮಳೆಗಾಲ ಬರುತ್ತದೆ.

ಕಕ್ಕಸಿನ ಗುಂಡಿಯ ಒಳಗೆ ಇಳಿಯುವ ಮಾತನ್ನು ಯಾರಾದರೂ ಎತ್ತಿದರೆ ಸ್ಪಷ್ಟವಾಗಿ ಇಲ್ಲ ಎನ್ನಿರಿ. ಸೆಪ್ಟಿಕ್ ಟ್ಯಾಂಕಿನ ವಿಷಗಾಳಿಗೆ ಇಳಿದವನೂ ಸಾಯುತ್ತಾನೆ, ಅವನನ್ನು ಎತ್ತಲು ಹೋದವನೂ ಸಾಯುತ್ತಾನೆ. ರಕ್ಷಣೆಯ ಸಾಧನಗಳಿಲ್ಲದೆ ಮನುಷ್ಯನನ್ನು ಅದರೊಳಗೆ ಇಳಿಸುವುದು 2013ರ ಕಾಯಿದೆಯಂತೆ ಅಪರಾಧ. ನೂರು ರೂಪಾಯಿ ಹೆಚ್ಚು ಕೊಡುತ್ತೇವೆ, ಒಂದು ಕ್ವಾರ್ಟರ್ ಕೊಡಿಸುತ್ತೇವೆ ಎಂದು ನಮ್ಮ ಹುಡುಗರನ್ನು ಪುಸಲಾಯಿಸುವವರಿದ್ದಾರೆ. ಅಂಥವರ ಮಾತು ನಿಮ್ಮ ಕಿವಿಗೆ ಬಿದ್ದ ಕೂಡಲೇ ಯೂನಿಯನ್ನಿಗೆ ತಿಳಿಸಿರಿ.

ಇಲ್ಲಿ ಕಳೆದ ಕೂಟದಲ್ಲಿ ಎದ್ದ ಪ್ರಶ್ನೆಗೆ ಬರುತ್ತೇವೆ. ನಾವೇ ರಿಪೇರಿ ಮಾಡಿಕೊಂಡರೆ ಮ್ಯಾನೇಜ್‌ಮೆಂಟಿನವರು ಕೈತೊಳೆದುಕೊಳ್ಳುವುದಿಲ್ಲವೆ, ಇವತ್ತು ವಾಷರು ಹಾಕಿದವರು ನಾಳೆ ಹೆಂಚು ಹಾಕಬೇಕಾಗುವುದಿಲ್ಲವೆ ಎಂದು ಒಬ್ಬ ಅಣ್ಣ ಕೇಳಿದರು. ನ್ಯಾಯವಾದ ಪ್ರಶ್ನೆ. 1951ರ ತೋಟ ಕಾರ್ಮಿಕರ ಕಾಯಿದೆಯ 9ನೇ ಸೆಕ್ಷನ್ನು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆಯಾಗಿ ಸಾಕಷ್ಟು ಕಕ್ಕಸುಗಳನ್ನು ಒದಗಿಸಬೇಕೆಂದೂ ಅವುಗಳನ್ನು ಶುಚಿಯಾಗಿ ಇಟ್ಟಿರಬೇಕೆಂದೂ ವಿಧಿಸಿತ್ತು. ಆ ಕಾಯಿದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆಯನ್ನು 2025ರ ನವೆಂಬರ್ 21ರಂದು ಜಾರಿಗೆ ತಂದರು. ಅದರ 92ನೇ ಸೆಕ್ಷನ್ನಿನಲ್ಲಿ ತೋಟದ ಕಾರ್ಮಿಕನಿಗೂ ಅವನ ಕುಟುಂಬಕ್ಕೂ ಕೊಡುವ ವಸತಿಯ ಜೊತೆಗೆ ಕುಡಿಯುವ ನೀರು, ಅಡಿಗೆಮನೆ, ಶೌಚಾಲಯಗಳ ಮಾತು ಇದೆ. ಹೊಣೆ ಮಾಲೀಕರದ್ದು ಎಂಬುದರಲ್ಲಿ ಹಳೆಯ ಕಾಯಿದೆಗೂ ಹೊಸದಕ್ಕೂ ಭೇದವಿಲ್ಲ.

ಆದರೆ ಹೊಣೆ ಅವರದ್ದು ಎಂದು ಕೈಕಟ್ಟಿ ಕೂತರೆ ಬೆಳಗಿನ ಜಾವ ಗಿಡಗಳ ನಡುವೆ ಹೋಗುವವರು ಅವರ ಮನೆಯ ಹೆಣ್ಣುಮಕ್ಕಳಲ್ಲ. ಆದ್ದರಿಂದ ಎರಡನ್ನೂ ಒಂದೇ ದಿನ ಮಾಡೋಣ ಎಂಬುದು ನಮ್ಮ ಸಲಹೆ. ವಾಷರನ್ನು ಇವತ್ತೇ ಹಾಕೋಣ. ಅರ್ಜಿಯನ್ನೂ ಇವತ್ತೇ ಬರೆಯೋಣ. ಯಾವ ಲೈನು, ಎಷ್ಟನೇ ನಂಬರಿನ ಕಕ್ಕಸು, ಯಾವ ತಾರೀಕಿನಿಂದ ಸೋರುತ್ತಿದೆ, ಎಷ್ಟು ಮನೆಯವರು ಬಳಸುತ್ತಾರೆ, ತಾತ್ಕಾಲಿಕವಾಗಿ ನಾವು ಏನು ಮಾಡಿದೆವು, ಎಷ್ಟು ಖರ್ಚಾಯಿತು, ಇನ್ನು ಏನು ಬಾಕಿ ಇದೆ, ಇಷ್ಟನ್ನು ಬರೆದು ಅಂಗಡಿಯ ಬಿಲ್ಲನ್ನು ಲಗತ್ತಿಸಿರಿ. ಬಿಲ್ಲಿಲ್ಲದೆ ಸಾಮಾನು ತರಬೇಡಿರಿ. ಅರ್ಜಿ ಎರಡು ಪ್ರತಿ ಇರಲಿ. ಒಂದನ್ನು ಆಫೀಸಿಗೆ ಕೊಟ್ಟು ಇನ್ನೊಂದರ ಮೇಲೆ ರೈಟರ ಸಹಿ, ತಾರೀಕು ಹಾಕಿಸಿಕೊಳ್ಳಿರಿ. ಸಹಿ ಹಾಕಲು ಒಪ್ಪದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿರಿ. ಬಾಯಿಮಾತಿನಲ್ಲಿ ಹೇಳಿದ್ದು ಆಫೀಸಿನ ಕಿವಿಯಲ್ಲಿ ನಿಲ್ಲುವುದಿಲ್ಲ. ಇನ್‌ಸ್ಪೆಕ್ಟರು ತೋಟಕ್ಕೆ ಬಂದ ದಿನ ಇಂಥ ಹತ್ತು ಪ್ರತಿಗಳು ನಮ್ಮ ಕೈಯಲ್ಲಿದ್ದರೆ ಅದು ಬೇರೆಯೇ ಮಾತು.

ಮತ್ತೊಂದು ವಿಷಯ. ವಾಷರು ಬರುವವರೆಗೆ, ಮೇಸ್ತ್ರಿ ಬರುವವರೆಗೆ ಕಕ್ಕಸಿಗೆ ಬೀಗ ಹಾಕುವ ಅಗತ್ಯವೇ ಇಲ್ಲ. ಸೋರುವುದು ತೊಟ್ಟಿಯ ಪೈಪು ತಾನೆ? ತೊಟ್ಟಿಯ ನೀರನ್ನು ನಿಲ್ಲಿಸಿ ಬಕೆಟಿನಿಂದ ಹೊಯ್ಯಿರಿ. ಕೈಯಿಂದ ನೀರು ಹೊಯ್ಯುವುದಕ್ಕೆಂದೇ ಮಾಡಿದ, ಇಳಿಜಾರು ಹೆಚ್ಚಿರುವ ಪ್ಯಾನಿಗೆ ಒಂದೂವರೆ ಎರಡು ಲೀಟರು ಸಾಕಾಗುತ್ತದೆ. ನಮ್ಮ ಸಾಧಾರಣ ಪ್ಯಾನಿಗೆ ಅದಕ್ಕಿಂತ ಹೆಚ್ಚು ಬೇಕು, ಅರ್ಧ ಬಕೆಟು ಎಂದಿಟ್ಟುಕೊಳ್ಳಿರಿ. ಮೂತಿಯ ಬಾಯಿ ತೆರೆದಿದ್ದರೆ ಚಿಂದಿ ಸುತ್ತಿದ ಮರದ ಬೆಣೆಯಿಂದ ಮುಚ್ಚಿರಿ. ಬೀಗ ಹಾಕಲು ಬಂದವರಿಗೆ ಈ ಮಾತನ್ನು ಮರ್ಯಾದೆಯಿಂದಲೇ ಹೇಳಿರಿ, ಆದರೆ ಬೀಗ ಹಾಕಲು ಬಿಡಬೇಡಿರಿ.

ಶುಚಿತ್ವದ ಮಾತನ್ನು ಇಂಗ್ಲಿಷರು ಕಲಿಸಿದರು ಎನ್ನುವವರಿದ್ದಾರೆ. ಸಿಲೋನಿನ ಟೀ ತೋಟಗಳಲ್ಲಿ 1916ರಿಂದ ರಾಕ್‌ಫೆಲರ್ ಫೌಂಡೇಶನ್ನಿನವರು ಕೊಕ್ಕೆಹುಳದ ಮೇಲೆ ಯುದ್ಧ ಹೂಡಿ ಲೈನುಗಳಿಗೆ ಕಕ್ಕಸು ಕಟ್ಟಿಸಲು ಒತ್ತಾಯಿಸಿದ್ದು ನಿಜ; 1964ರ ಒಪ್ಪಂದದ ನಂತರ ಅಲ್ಲಿಂದ ನೀಲಗಿರಿಗೆ ಬಂದ ನಮ್ಮ ತಮಿಳು ನೆರೆಯವರ ಮನೆಗಳಲ್ಲಿ ಹಿರಿಯರಿಗೆ ಆ ತೋಟಗಳ ನೆನಪಿದೆ. ಕೊಕ್ಕೆಹುಳ ಹೊಲಸು ಬಿದ್ದ ಒದ್ದೆ ಮಣ್ಣಿನಲ್ಲಿ ಬೆಳೆದು ಬರಿಗಾಲಿನ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಕರುಳಿನಲ್ಲಿ ಕೂತು ರಕ್ತ ಹೀರುತ್ತದೆ. ಎಷ್ಟು ತಿಂದರೂ ಬಿಳಿಚಿಕೊಂಡಿರುವ ಮಕ್ಕಳನ್ನು ಕಂಡಾಗ ದೃಷ್ಟಿ ತೆಗೆಯುವ ಮೊದಲು ದವಾಖಾನೆಗೆ ಒಯ್ಯಿರಿ. ಆದರೆ ಇಂಗ್ಲಿಷರಿಗಿಂತ ಎಷ್ಟೋ ಮೊದಲು ಧರ್ಮೋಪದೇಶಕಾಂಡದ 23ನೇ ಅಧ್ಯಾಯದಲ್ಲಿ ಈ ಮಾತು ಬಂದಿದೆ. ಪಾಳೆಯದ ಹೊರಗೆ ಜಾಗ ಗೊತ್ತುಮಾಡಿ, ಅಗೆದು ಮುಚ್ಚಲು ಸಲಿಕೆಯನ್ನು ಆಯುಧಗಳ ಜೊತೆಗೇ ಇಟ್ಟುಕೊಳ್ಳಬೇಕೆಂದು ಮೋಶೆ ಜನರಿಗೆ ವಿಧಿಸಿದರು. ನೆಹೆಮೀಯನ ಗ್ರಂಥದ 3ನೇ ಅಧ್ಯಾಯವನ್ನು ಮನೆಗೆ ಹೋಗಿ ಓದಿರಿ. ಯೆರೂಸಲೇಮಿನ ಗೋಡೆಯನ್ನು ಎಷ್ಟೋ ಜನ ತಮ್ಮ ತಮ್ಮ ಮನೆಯ ಎದುರಿನ ಭಾಗದಿಂದಲೇ ಸರಿಮಾಡುತ್ತಾ ಬಂದರು. ಊರಿನ ಕಸ ಹೊರಹೋಗುವ ತಿಪ್ಪೆಬಾಗಿಲನ್ನು ಸರಿಮಾಡಿದವನು ಒಂದು ಸೀಮೆಯ ಅಧಿಪತಿ. ಅವನ ಹೆಸರನ್ನೂ ಅಲ್ಲಿ ಬರೆದಿದ್ದಾರೆ. ನಮ್ಮ ಪಾಡಿಯಲ್ಲಿ ಕಕ್ಕಸಿನ ಕೆಲಸವೆಂದರೆ ಎಲ್ಲರ ಕಣ್ಣೂ ಒಂದೇ ಮನೆಯ ಕಡೆಗೆ ತಿರುಗುತ್ತದೆ. ಒಂದೇ ಪೀಠದಿಂದ ಪ್ರಸಾದ ತೆಗೆದುಕೊಳ್ಳುವ ನಾವು ಈ ವಿಷಯದಲ್ಲಿ ಮಾತ್ರ ಹಾಗೆ ತಿರುಗಿ ನೋಡುವುದು ಹೇಗೆ ಎಂದು ಅವರವರೇ ಯೋಚಿಸಲಿ. ರಿಪೇರಿಯ ಸರದಿಯ ಪಟ್ಟಿಯನ್ನು ಈ ಸಲ ಮನೆನಂಬರಿನ ಪ್ರಕಾರ ಹಾಕಿದ್ದೇವೆ, ಒಂದರಿಂದ ಕೊನೆಯವರೆಗೆ. ಉಪದೇಶಿಯ ಮನೆಗೂ ವಿನಾಯಿತಿ ಇಲ್ಲ.

ಬರುವ ಭಾನುವಾರ ಬಲಿಪೂಜೆ ಮುಗಿದ ಕೂಡಲೇ ಕೆಳಗಿನ ಲೈನಿನ ಮೂರನೇ ನಂಬರಿನಿಂದ ಪ್ರಾರಂಭಿಸುತ್ತೇವೆ. ರಿಂಚು, ಹ್ಯಾಕ್ಸಾ ಬ್ಲೇಡು ಯೂನಿಯನ್ ಕೊಠಡಿಯಲ್ಲಿವೆ. ಮೂರು ಕನೆಕ್ಟರುಗಳನ್ನು ತರಿಸಿದ್ದೇವೆ, ಬಿಲ್ಲು ಸಹಿತ. ಮನೆಗೆ ಒಬ್ಬರು ಬಂದರೆ ಸಾಕು. ಬರುವವರು ಒಂದು ಬಕೆಟು, ಹಳೆಯ ಬಟ್ಟೆ, ಸೋಪಿನ ತುಂಡು ತನ್ನಿರಿ. ನೀಲಿಯನ್ನು ನಾವು ತರುತ್ತೇವೆ.